ಒಕ್ಕದ ಹೆಸರಿಗೆ ಆಡುವ ಬಂಧುಗಳು

ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರು ಹೊತ್ತ ವಿದ್ಯಾರ್ಥಿ ಬಳಗಗಳುಂಟು. 1776ರಲ್ಲಿ ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ 'ಫೈ ಬೀಟಾ ಕಪ್ಪ' ಅವುಗಳಿಗೆ ಮಾದರಿ. ಮನೆ ಬಿಟ್ಟು ಬಂದ ತರುಣರು ಅಲ್ಲಿ ಪ್ರತಿಜ್ಞೆ ತೊಟ್ಟು ಅಣ್ಣತಮ್ಮಂದಿರಾಗುತ್ತಾರೆ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯದಿದ್ದಾಗ ಅವರೂ ತಮ್ಮದೇ ಬಳಗಗಳನ್ನು ಕಟ್ಟಿಕೊಂಡರು.

ಕೊಡಗಿನ ಕೊಡವರಿಗೆ ಇಂಥ ಪ್ರತಿಜ್ಞೆ ಬೇಕಿಲ್ಲ. ಒಬ್ಬ ಮೂಲಪುರುಷನ ಸಂತತಿಯೆಲ್ಲ ಒಂದು 'ಒಕ್ಕ'. ಅದರ ಹೆಸರೇ ವ್ಯಕ್ತಿಯ ಹೆಸರಿಗೆ ಮೊದಲು ನಿಲ್ಲುತ್ತದೆ. ಒಂದೇ ಒಕ್ಕದವರು ಒಡಹುಟ್ಟಿದವರ ಸಮಾನ. ಅವರೊಳಗೆ ಮದುವೆ ಸಲ್ಲದು. ಹಿರಿಯರ ಐನ್‌ಮನೆಯ ದೀಪವೇ ಎಲ್ಲರ ನೆಲೆ.

ಆದರೆ ಸೈನ್ಯ, ವಿದ್ಯೆ, ಉದ್ಯೋಗಗಳೆಂದು ಮಕ್ಕಳು ದೂರ ಹೊರಟಂತೆ ಎಷ್ಟೋ ಐನ್‌ಮನೆಗಳು ಬರಿದಾದವು. ದೊಡ್ಡಪ್ಪನ ಮಗನ ಮುಖವನ್ನೇ ಕಾಣದೆ ಬೆಳೆದವರೂ ಉಂಟು. ಹೆಸರು ಉಳಿದು ನಂಟು ಸಡಿಲಾದಾಗ ಏನು ಮಾಡಬೇಕು?

ಬ್ಯಾಂಕ್ ಉದ್ಯೋಗದಿಂದ ನಿವೃತ್ತರಾದ ಪಾಂಡಂಡ ಕುಟ್ಟಪ್ಪ ಅದಕ್ಕೆ ಹಾಕಿಯಲ್ಲಿ ಉತ್ತರ ಕಂಡರು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಎಂ. ಎಂ. ಸೋಮಯ್ಯನವರಂಥ ಆಟಗಾರರನ್ನು ಕೊಟ್ಟ ನಾಡಿನಲ್ಲಿ ಹಾಕಿ ಕೋಲಿಗೆ ಕೈಗಳ ಕೊರತೆ ಎಲ್ಲಿ? 1997ರಲ್ಲಿ ಕರಡ ಗ್ರಾಮದಲ್ಲಿ ಅವರು ನಡೆಸಿದ ಮೊದಲ ಪಂದ್ಯಾವಳಿಗೆ 60 ಒಕ್ಕಗಳು ಬಂದವು. ತಂಡಕ್ಕೆ ಪ್ರವೇಶ ಒಂದೇ: ಒಕ್ಕದ ಹೆಸರು. ಅಲ್ಲಿಂದ ಮುಂದೆ ವರ್ಷಕ್ಕೊಂದು ಒಕ್ಕ ಆತಿಥ್ಯ ವಹಿಸುವುದು, ಆ ವರ್ಷದ ಕಪ್ಪಿಗೆ ಅದರ ಹೆಸರಿಡುವುದು ರೂಢಿಯಾಯಿತು.

ಇಲ್ಲಿ ನಿವೃತ್ತ ಯೋಧನ ಪಕ್ಕದಲ್ಲಿ ಶಾಲೆಯ ಹುಡುಗ ನಿಲ್ಲುತ್ತಾನೆ. ಮನೆಯ ಹೆಣ್ಣುಮಕ್ಕಳೂ ಅದೇ ತಂಡದಲ್ಲಿ ಕೋಲು ಹಿಡಿಯುತ್ತಾರೆ. ಬೆಂಗಳೂರಿನಿಂದಲೂ ಹೊರದೇಶಗಳಿಂದಲೂ ರಜೆ ಹಾಕಿ ಬಂದವರು ಹನ್ನೊಂದು ಮಂದಿಯಲ್ಲಿ ಒಬ್ಬರಾಗಲು ಹಂಬಲಿಸುತ್ತಾರೆ. ಮೊದಲ ಸುತ್ತಿನಲ್ಲೇ ಸೋತರೂ ಒಕ್ಕದ ಊಟ ತಪ್ಪುವುದಿಲ್ಲ. ಅಪರಿಚಿತರಾಗಿ ಬಂದವರು ಅಲ್ಲಿ ನಂಟರಾಗಿ ಏಳುತ್ತಾರೆ.

2018ರ ಭೂಕುಸಿತ, ಅನಂತರದ ಕೋವಿಡ್ ಪಿಡುಗು ಕೊಡಗನ್ನು ನೋಯಿಸಿದವು, ಉತ್ಸವಕ್ಕೂ ಅಡ್ಡಿಯಾದವು. 2020ರಲ್ಲಿ ಕುಟ್ಟಪ್ಪನವರೂ ತೀರಿಕೊಂಡರು. ಆದರೂ 2023ರಲ್ಲಿ ನಾಪೋಕ್ಲುವಿನ ಮೈದಾನ ಮತ್ತೆ ತುಂಬಿತು. ಮರುವರ್ಷ ಕುಂಡ್ಯೋಳಂಡ ಒಕ್ಕದ ಆತಿಥ್ಯದಲ್ಲಿ 360 ತಂಡಗಳು ಆಡಿ, ಪಂದ್ಯಾವಳಿ ಗಿನ್ನೆಸ್ ದಾಖಲೆಗೆ ಸೇರಿತು.

ದಾಖಲೆಯನ್ನು ನಾಳೆ ಇನ್ನೊಬ್ಬರು ಮುರಿಯಬಹುದು. ಆದರೆ ಆಟ ಮುಗಿದ ಸಂಜೆ ಹಿರಿಯನೊಬ್ಬ ಎಳೆಯನನ್ನು ತಡೆದು, "ನೀನು ಯಾರ ಮಗ?" ಎಂದು ಕೇಳಿ, ಅವನನ್ನು ಐನ್‌ಮನೆಗೆ ಕರೆಯುತ್ತಾನಲ್ಲ, ಕುಟ್ಟಪ್ಪನವರು ಬಯಸಿದ ಗೆಲುವು ಅದು.