ವಿಜ್ಞಾನ ಮೇಳದಲ್ಲಿ ಗೆಲ್ಲುವವರು ಯಾರು?

ಶಾಲೆಯ ವಿಜ್ಞಾನ ವಸ್ತುಪ್ರದರ್ಶನ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರ ಎಲ್ಲರಿಗೂ ಪರಿಚಿತ. ಥರ್ಮಾಕೋಲಿನ ಜ್ವಾಲಾಮುಖಿ, ಅದರ ಬಾಯಿಂದ ಉಕ್ಕುವ ಸೋಡಾ ಪುಡಿಯ ಕೆಂಪು ನೊರೆ; ಮಳೆನೀರು ಕೊಯ್ಲಿನ ಪುಟ್ಟ ಮನೆ; ಗುಂಡಿ ಒತ್ತಿದರೆ ತಿರುಗುವ ಗಾಳಿಯಂತ್ರ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಕಂಠಪಾಠ ಮಾಡಿದ ನಾಲ್ಕು ಮಾತು ಒಪ್ಪಿಸುವ ಮಗು. ಹಿಂದಿನ ರಾತ್ರಿ ಅಪ್ಪ ಕತ್ತರಿ ಹಿಡಿದು, ಅಮ್ಮ ಬಣ್ಣ ಬಳಿದು, ಮಗು ತೂಕಡಿಸುತ್ತ ಕುಳಿತಿದ್ದ ಮನೆಗಳೂ ಕಡಿಮೆಯೇನಲ್ಲ. ಅಷ್ಟೂ ತಾಪತ್ರಯ ಬೇಡವೆನ್ನುವವರಿಗೆ ಪೇಟೆಯಲ್ಲಿ ಸಿದ್ಧ ಮಾದರಿಗಳೇ ದೊರೆಯುತ್ತವೆ.

ಇಂಥ ಮಾದರಿಗಳಿಂದ ಮಗು ಏನನ್ನೂ ಕಲಿಯುವುದಿಲ್ಲ ಎಂದಲ್ಲ. ಆದರೆ ಬೆಟ್ಟದಿಂದ ನೊರೆ ಉಕ್ಕುತ್ತದೆ ಎಂಬುದು ಪ್ರದರ್ಶನಕ್ಕೆ ಮೊದಲೇ ಎಲ್ಲರಿಗೂ ಗೊತ್ತು. ಗೊತ್ತಿರುವುದನ್ನು ತೋರಿಸುವುದು ಬೇರೆ, ಗೊತ್ತಿಲ್ಲದುದನ್ನು ಹುಡುಕುವುದು ಬೇರೆ. ಜಗತ್ತಿನ ದೊಡ್ಡ ವಿಜ್ಞಾನ ಮೇಳಗಳಲ್ಲಿ ಮನ್ನಣೆ ಪಡೆದ ವಿದ್ಯಾರ್ಥಿಗಳ ಕೆಲಸವನ್ನು ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಅಂಕ ಯಾವುದಕ್ಕೆ?

ಶಾಲಾ ವಿದ್ಯಾರ್ಥಿಗಳ ಮೇಳಗಳಲ್ಲಿ ಅತ್ಯಂತ ಪ್ರತಿಷ್ಠಿತವಾದುದು ಅಮೆರಿಕದ ಅಂತರರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳ. 1950ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಕೇವಲ 30 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಮೇಳವಾಗಿ ಇದು ಆರಂಭವಾಯಿತು. ಇಂದು ಹತ್ತಾರು ದೇಶಗಳ, ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ ವಿದ್ಯಾರ್ಥಿಗಳು ತಮ್ಮ ತಮ್ಮ ನಾಡಿನ ಮೇಳಗಳಲ್ಲಿ ಗೆದ್ದು ಅಲ್ಲಿಗೆ ಹೋಗುತ್ತಾರೆ.

ಅಲ್ಲಿ ವಿಜ್ಞಾನ ಯೋಜನೆಗಳಿಗೆ ಅಂಕ ಕೊಡುವ ಕ್ರಮವನ್ನು ಪಾಲಕರು ಒಮ್ಮೆ ಗಮನಿಸಬೇಕು. ಒಟ್ಟು 100 ಅಂಕಗಳಲ್ಲಿ ಸಂಶೋಧನೆಯ ಪ್ರಶ್ನೆಗೆ 10, ಪ್ರಯೋಗದ ಯೋಜನೆ ಹಾಗೂ ವಿಧಾನಕ್ಕೆ 15, ಅದನ್ನು ನಡೆಸಿದ ರೀತಿಗೆ 20, ಸ್ವಂತಿಕೆಗೆ 20. ಗೋಡೆಗೆ ತೂಗುಹಾಕುವ ಚೆಂದದ ಭಿತ್ತಿಪತ್ರಕ್ಕೆ 10 ಮಾತ್ರ. ಉಳಿದ 25 ಅಂಕ ತೀರ್ಪುಗಾರರು ನಡೆಸುವ ಸಂದರ್ಶನಕ್ಕೆ. ಆ ಹೊತ್ತಿನಲ್ಲಿ ಅಪ್ಪ ಅಮ್ಮನಿಗಾಗಲಿ ಶಿಕ್ಷಕರಿಗಾಗಲಿ ಸಭಾಂಗಣದೊಳಗೆ ಪ್ರವೇಶವಿಲ್ಲ. ‘ಇದನ್ನೇ ಏಕೆ ಅಳೆದೆ? ಬೇರೆ ರೀತಿ ಏಕೆ ಮಾಡಲಿಲ್ಲ? ಈ ಅಂಕಿ ತಪ್ಪಾಗಿರಬಹುದಲ್ಲವೆ?’ ಎಂಬ ಪ್ರಶ್ನೆಗಳಿಗೆ ಹುಡುಗ ಅಥವಾ ಹುಡುಗಿ ಒಬ್ಬರೇ ನಿಂತು ಉತ್ತರಿಸಬೇಕು. ಬೇರೆಯವರು ಮಾಡಿಕೊಟ್ಟ ಕೆಲಸ ಅಲ್ಲಿ ಐದು ನಿಮಿಷವೂ ನಿಲ್ಲದು.

ಬಿಸಾಡಿದ ದಿಂಡು

ಒಡಿಶಾದ ಕೋರಾಪುಟ್ ಜಿಲ್ಲೆಯ ದಾಮನ್‌ಜೋಡಿ ಅಲ್ಯುಮಿನಾ ಕಾರ್ಖಾನೆಗೆ ಹೆಸರಾದ ಊರು. ಅಲ್ಲಿನ ಶಾಲೆಯೊಂದರಲ್ಲಿ ಓದುತ್ತಿದ್ದ 13 ವರ್ಷದ ಲಲಿತಾ ಪ್ರಸಿದಾಳ ಕಣ್ಣಿಗೆ ಬಿದ್ದದ್ದು ಮೆಕ್ಕೆಜೋಳದ ದಿಂಡು. ಕಾಳು ಬಿಡಿಸಿದ ಮೇಲೆ ಯಾರಿಗೂ ಬೇಡವಾಗಿ ರಾಶಿ ಬೀಳುವ ವಸ್ತು ಅದು. ದಾವಣಗೆರೆ, ಹಾವೇರಿ ಸೀಮೆಯವರಿಗೂ ಈ ರಾಶಿ ಹೊಸದಲ್ಲ.

ದಿಂಡಿನೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಿವೆ. ರಂಧ್ರಗಳು ಹೆಚ್ಚಿದಷ್ಟೂ ಒಳಮೈಯ ವಿಸ್ತಾರ ಹೆಚ್ಚು. ನೀರಿನಲ್ಲಿರುವ ಬಣ್ಣ, ಸಾಬೂನು, ಜಿಡ್ಡು ಮೊದಲಾದುವು ಆ ಮೈಗೆ ಅಂಟಿಕೊಳ್ಳಲು ಜಾಗವೂ ಹೆಚ್ಚು. ಹೀಗೆ ಅಂಟಿಸಿಕೊಳ್ಳುವ ಗುಣಕ್ಕೆ ಅಧಿಶೋಷಣೆ ಎಂದು ಹೆಸರು. ಲಲಿತಾ ದಿಂಡಿನ ತುಂಡುಗಳು, ಅದರ ಪುಡಿ, ಅದನ್ನೇ ಸುಟ್ಟು ಮಾಡಿದ ಇದ್ದಿಲು ಮತ್ತು ನಯವಾದ ಮರಳನ್ನು ಪದರ ಪದರವಾಗಿ ಜೋಡಿಸಿ, ಕೊಳಕು ನೀರನ್ನು ಅವುಗಳ ಮೂಲಕ ಹರಿಸಿದಳು. ಮಾಲಿನ್ಯದಲ್ಲಿ ಶೇಕಡಾ 70ರಿಂದ 80ರಷ್ಟು ತೆಗೆಯಬಹುದೆಂದು ಆಕೆಯ ಪ್ರಯೋಗದಲ್ಲಿ ಕಂಡುಬಂತು. 2015ರ ಗೂಗಲ್ ವಿಜ್ಞಾನ ಮೇಳದಲ್ಲಿ ಸಮುದಾಯಕ್ಕೆ ಉಪಯುಕ್ತವಾದ ಯೋಜನೆಗೆಂದು ಮೀಸಲಾದ 10,000 ಡಾಲರುಗಳ ಪ್ರಶಸ್ತಿ ಅವಳದಾಯಿತು.

ಇಲ್ಲಿ ದುಬಾರಿ ಉಪಕರಣವಿಲ್ಲ. ದಿನವೂ ಕಾಲಿಗೆ ಸಿಗುವ ವಸ್ತುವನ್ನು ಕುರಿತು ‘ಇದರಿಂದ ಏನಾದರೂ ಆದೀತೆ?’ ಎಂದು ಕೇಳಿ, ಆ ಪ್ರಶ್ನೆಯನ್ನು ಅಲ್ಲಿಗೇ ಬಿಡದೆ ಅಳತೆಯವರೆಗೆ ಒಯ್ದದ್ದೇ ಅವಳ ಹೆಚ್ಚುಗಾರಿಕೆ.

ಅಂಗೈ ಶಾಖದ ದೀಪ

ಅದೇ ಮೇಳದ 2013ರ ಸಾಲಿನಲ್ಲಿ, 15–16ರ ವಯೋಮಾನದ ವಿಭಾಗದಲ್ಲಿ ಗೆದ್ದವಳು ಕೆನಡಾದ ಆನ್ ಮಕೊಸಿನ್‌ಸ್ಕಿ. ಫಿಲಿಪ್ಪೀನ್ಸ್ ದೇಶದಲ್ಲಿದ್ದ ಅವಳ ಗೆಳತಿಗೆ ಮನೆಯಲ್ಲಿ ವಿದ್ಯುತ್ ಇರಲಿಲ್ಲ. ರಾತ್ರಿ ಓದಲಾಗದೆ ಪರೀಕ್ಷೆಯಲ್ಲಿ ಹಿಂದೆ ಬಿದ್ದಳು. ಬ್ಯಾಟರಿಯೇ ಇಲ್ಲದ ಟಾರ್ಚ್ ಮಾಡಬಹುದೆ ಎಂಬ ಯೋಚನೆ ಆನ್‌ಗೆ ಬಂದದ್ದು ಅಲ್ಲಿಂದ.

ಪೆಲ್ಟಿಯರ್ ಬಿಲ್ಲೆ ಎಂಬ ಸಾಧನದ ಒಂದು ಮೈ ಬಿಸಿಯಾಗಿ ಇನ್ನೊಂದು ಮೈ ತಣ್ಣಗಿದ್ದರೆ ಅದರಲ್ಲಿ ಸ್ವಲ್ಪ ವಿದ್ಯುತ್ ಹುಟ್ಟುತ್ತದೆ. ಹೊರಮೈಗೆ ಅಂಗೈ ಶಾಖ, ಒಳಮೈಗೆ ಟೊಳ್ಳು ಕೊಳವೆಯ ಗಾಳಿಯ ತಂಪು: ಇದು ಅವಳ ಉಪಾಯ. ಆದರೆ ಹುಟ್ಟಿದ ವೋಲ್ಟೇಜು ದೀಪ ಹೊತ್ತಿಸಲು ಸಾಲದೆ ಹೋಯಿತು. ವೋಲ್ಟೇಜು ಏರಿಸುವ ಮಂಡಲಕ್ಕಾಗಿ ಅವಳು ತಿಂಗಳುಗಟ್ಟಲೆ ಹುಡುಕಿ, ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಬೇಕಾಯಿತು.

ದೀಪ ಉರಿದ ಮೇಲೂ ಒಂದು ಮಿತಿ ಉಳಿಯಿತು. ಅಂಗೈಗೂ ಗಾಳಿಗೂ ಉಷ್ಣತೆಯ ಅಂತರ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು. ಸೆಕೆಯ ರಾತ್ರಿಯಲ್ಲಿ ಅಂತರ ಕಡಿಮೆ, ಬೆಳಕೂ ಕಡಿಮೆ. ಚಳಿನಾಡಿನಲ್ಲಿ ಚೆನ್ನಾಗಿ ಉರಿಯುವ ದೀಪ ಗೆಳತಿಯ ಬಿಸಿಲು ನಾಡಿನಲ್ಲಿ ಮಂಕಾಗುತ್ತದೆ. ಗೆದ್ದ ಯೋಜನೆಗೂ ಹೀಗೆ ಮಿತಿಯಿರುತ್ತದೆ. ಆ ಮಿತಿಯನ್ನು ಬಚ್ಚಿಡದೆ ಅಳೆದು ಹೇಳುವುದೂ ವಿಜ್ಞಾನದ ಕೆಲಸವೇ.

ಕೆರೆಯ ನೀರು, ಆಕಾಶದ ಹೆಸರು

ಬೆಂಗಳೂರಿನ ವರ್ತೂರು, ಬೆಳ್ಳಂದೂರು ಕೆರೆಗಳ ನೊರೆ ದೇಶದಾದ್ಯಂತ ಸುದ್ದಿಯಾದದ್ದು ಎಲ್ಲರಿಗೂ ನೆನಪಿದೆ. ಆ ನಗರದ ಹನ್ನೆರಡನೇ ತರಗತಿಯ ವಿದ್ಯಾರ್ಥಿನಿ ಸಾಹಿತಿ ಪಿಂಗಳಿ ಕೆರೆಗಳ ಆರೋಗ್ಯ ತಿಳಿಯಲು ಜನರನ್ನೇ ಜೊತೆಗೂಡಿಸುವ ಉಪಾಯ ಹೂಡಿದಳು. ನೀರಿನಲ್ಲಿ ಅದ್ದಿದ ಪರೀಕ್ಷಾ ಪಟ್ಟಿಯ ಬಣ್ಣವನ್ನು ಮೊಬೈಲ್ ಫೋನ್ ಓದುತ್ತದೆ. ಆ ಮಾಹಿತಿ ಒಂದೆಡೆ ಸೇರಿ ನಕ್ಷೆಯಾಗುತ್ತದೆ. ಒಬ್ಬ ವಿಜ್ಞಾನಿ ಒಂದು ದಿನ ತೆಗೆದ ಮಾದರಿಯ ಬದಲು, ನೂರಾರು ಜನ ಹಲವು ದಿನ ತೆಗೆದ ಮಾದರಿಗಳು ಸಿಗುತ್ತವೆ.

2017ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಮೇಳದಲ್ಲಿ ಈ ಯೋಜನೆಗೆ ದ್ವಿತೀಯ ಬಹುಮಾನ ಬಂತು. ಆ ಮೇಳದ ಮೇಲ್ಪಂಕ್ತಿಯ ವಿಜೇತರಿಗೆ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಲಿಂಕನ್ ಪ್ರಯೋಗಾಲಯ ಅಪೂರ್ವ ಗೌರವವೊಂದನ್ನು ಸಲ್ಲಿಸಿತು. ತಾನು ಪತ್ತೆಹಚ್ಚಿದ ಕ್ಷುದ್ರಗ್ರಹಗಳಿಗೆ ಅವರ ಹೆಸರನ್ನು ಇಡಿಸಿತು. ‘ಬೆಂಗಳೂರಿನ ಹುಡುಗಿಯ ಹೆಸರಿನಲ್ಲಿ ಗ್ರಹ’ ಎಂಬಂತೆ ಆಗ ಸುದ್ದಿ ಹಬ್ಬಿತ್ತು. ನಿಜವಾಗಿ ಇವು ಸೂರ್ಯನನ್ನು ಸುತ್ತುವ ಸಣ್ಣ ಬಂಡೆಗಳು. ಆದರೂ ಕೊಳಚೆ ಕೆರೆಯ ದಡದಲ್ಲಿ ಹುಟ್ಟಿದ ಪ್ರಶ್ನೆಯೊಂದು ಆಕಾಶದ ಪಟ್ಟಿಯಲ್ಲಿ ಹೆಸರು ಪಡೆಯಿತೆಂಬುದು ಸಣ್ಣ ಮಾತಲ್ಲ.

ಗೆದ್ದ ಮೇಲೆ ಕಂಡ ತಪ್ಪು

ವಿಜ್ಞಾನ ಮೇಳಗಳ ಇತಿಹಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸುವ ಕಥೆ ಬಹುಶಃ ಐರ್ಲೆಂಡಿನ ಸಾರಾ ಫ್ಲ್ಯಾನರಿಯದು. ಆ ದೇಶದಲ್ಲಿ 1965ರಿಂದ ಯುವ ವಿಜ್ಞಾನಿಗಳ ಮೇಳ ನಡೆಯುತ್ತ ಬಂದಿದೆ. 1999ರಲ್ಲಿ ಅಲ್ಲಿ ಪ್ರಥಮ ಪ್ರಶಸ್ತಿ ಪಡೆದಾಗ ಸಾರಾಳಿಗೆ 16 ವರ್ಷ. ತಂದೆ ಗಣಿತದ ಅಧ್ಯಾಪಕ. ಮನೆಯ ಅಡುಗೆಕೋಣೆಯಲ್ಲೇ ಒಂದು ಕರಿಹಲಗೆ. ಅದರ ಮೇಲೆ ಮಕ್ಕಳಿಗಾಗಿ ಒಗಟಿನ ಲೆಕ್ಕಗಳು.

ಸಾರಾಳ ವಿಷಯ ಗುಪ್ತಲಿಪಿ. ಗಣಕಯಂತ್ರಗಳ ನಡುವೆ ಸಂದೇಶಗಳನ್ನು ಗುಟ್ಟಾಗಿ ಕಳಿಸಲು 1977ರಿಂದ ಪ್ರಸಿದ್ಧವಾದ ಆರ್‌ಎಸ್‌ಎ ಎಂಬ ವಿಧಾನವಿದೆ. ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಆ ಎರಡನ್ನು ಹುಡುಕುವುದು ಬಲು ಕಷ್ಟ ಎಂಬುದೇ ಅದರ ಬೀಗ. ಸಾರಾ ಇದರ ಬದಲು ಮಾತೃಕೆಗಳನ್ನು, ಅಂದರೆ ಸಾಲು ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳನ್ನು ಬಳಸಿದ ಹೊಸ ವಿಧಾನವನ್ನು ಪರೀಕ್ಷಿಸಿದಳು. ಅದು ಆರ್‌ಎಸ್‌ಎಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಕೆಲಸ ಮಾಡಿತು. ಪತ್ರಿಕೆಗಳು ಅವಳನ್ನು ಹಾಡಿ ಹೊಗಳಿದವು. ಇನ್ನೇನು ಹುಡುಗಿ ಕೋಟ್ಯಧೀಶ್ವರಿ ಆಗುತ್ತಾಳೆ ಎಂಬ ಮಾತೂ ಹಬ್ಬಿತು.

ಆದರೆ ಪರಿಶೀಲನೆ ಪ್ರಶಸ್ತಿಯೊಂದಿಗೆ ನಿಲ್ಲಲಿಲ್ಲ. ಬೀಗವನ್ನು ಕೀಲಿಯಿಲ್ಲದೆ ತೆರೆಯುವ ದಾರಿಯೊಂದಿದೆ, ಆದ್ದರಿಂದ ವಿಧಾನ ಸುರಕ್ಷಿತವಲ್ಲ ಎಂಬುದು ಗೊತ್ತಾಯಿತು. ಇಡೀ ದೇಶ ಹೊಗಳುತ್ತಿರುವಾಗ ಇದನ್ನು ಹೇಳುವುದು ಹದಿಹರೆಯದ ಹುಡುಗಿಗೆ ಸುಲಭವೆ? ಅದೇ ವರ್ಷ ಯುರೋಪಿನ ಯುವ ವಿಜ್ಞಾನಿಗಳ ಸ್ಪರ್ಧೆಗೆ ಹೋದಾಗ ಅವಳು ಆ ದೋಷವನ್ನು ತನ್ನ ವರದಿಯಲ್ಲೇ ಬರೆದು ಒಪ್ಪಿಸಿದಳು. ಅಲ್ಲಿಯ ತೀರ್ಪುಗಾರರು ಅದಕ್ಕಾಗಿ ಅವಳನ್ನು ಕೆಳಗಿಳಿಸಲಿಲ್ಲ. ಮೇಲಿನ ಬಹುಮಾನಗಳಲ್ಲೊಂದನ್ನು ಅವಳಿಗೇ ಕೊಟ್ಟರು. ‘ಆಗುವುದಿಲ್ಲ’ ಎಂಬುದು ಸಹ ಉತ್ತರವೇ, ಅದನ್ನು ಸರಿಯಾಗಿ ತೋರಿಸಿಕೊಟ್ಟಿದ್ದರೆ.

ಹಳ್ಳಿಯ ಶಾಲೆಗೂ ದಾರಿಯಿದೆ

ಇವೆಲ್ಲ ದೂರದ ಊರಿನ ಮಾತು ಎನ್ನುವವರಿಗೆ ಹತ್ತಿರದ ದಾರಿಯೂ ಇದೆ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದೊಂದಿಗೆ 1993ರಲ್ಲಿ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಆರಂಭವಾಯಿತು. ಕರ್ನಾಟಕದಲ್ಲಿ ದೀರ್ಘಕಾಲ ಇದರ ಹೊಣೆ ಹೊತ್ತದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 10ರಿಂದ 17 ವರ್ಷದ ಮಕ್ಕಳಿಗೆಂದೇ ರೂಪಿಸಿದ ಈ ಸಮಾವೇಶದಲ್ಲಿ ಶಾಲೆ ಬಿಟ್ಟ ಮಕ್ಕಳಿಗೂ ಅವಕಾಶವಿತ್ತು. ಶಿಕ್ಷಕರ ಮಾರ್ಗದರ್ಶನದಲ್ಲಿ ತಮ್ಮೂರಿನದೇ ಸಮಸ್ಯೆಯೊಂದನ್ನು ಆರಿಸಿ, ಅಳೆದು, ವಿಚಾರಿಸಿ, ತಮ್ಮ ಭಾಷೆಯಲ್ಲೇ ವರದಿ ಬರೆದು ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೆಟ್ಟಿಲುಗಳನ್ನು ಏರುವುದು ಇದರ ಕ್ರಮ. ಮಾದರಿ ಮಾಡಿ ತರಬೇಕೆಂಬ ಕಟ್ಟುಪಾಡಿಲ್ಲ. ದಿನಚರಿ ಪುಸ್ತಕ ಮಾತ್ರ ಬೇಕೇ ಬೇಕು.

ಪ್ರಶ್ನೆ ಎಲ್ಲಿಂದ ತರುವುದು? ಮನೆಯ ಮಡಕೆಯನ್ನೇ ತೆಗೆದುಕೊಳ್ಳಿ. ಅದರ ನೀರು ಏಕೆ ತಣ್ಣಗಿರುತ್ತದೆ ಎಂಬುದು ಪುಸ್ತಕದಲ್ಲಿದೆ. ಹೊಸ ಮಡಕೆ ಹಳೆಯದಕ್ಕಿಂತ ಎಷ್ಟು ಡಿಗ್ರಿ ಹೆಚ್ಚು ತಂಪು ಮಾಡುತ್ತದೆ, ಮಳೆಗಾಲದಲ್ಲಿ ಎಷ್ಟು, ಬೇಸಗೆಯಲ್ಲಿ ಎಷ್ಟು ಎಂಬುದು ನಿಮ್ಮ ಮನೆಯ ಮಟ್ಟಿಗೆ ಯಾವ ಪುಸ್ತಕದಲ್ಲೂ ಇಲ್ಲ. ಬೇಕಾದದ್ದು ಒಂದು ಉಷ್ಣಮಾಪಕ, ಒಂದು ತಕ್ಕಡಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಎರಡು ಲೀಟರ್ ನೀರಿನ ಮಡಕೆಯಿಂದ 20 ಗ್ರಾಂ ಆವಿಯಾದರೆ, ಹೊರಗಿನ ಶಾಖ ಒಳಬರದಿದ್ದಲ್ಲಿ, ಉಳಿದ ನೀರು ಸುಮಾರು 6 ಡಿಗ್ರಿ ತಣಿಯಬೇಕು. ನಿಜವಾಗಿ ಅಷ್ಟು ತಣಿಯಿತೆ? ಇಲ್ಲದಿದ್ದರೆ ಏಕೆ? ಪಕ್ಕದಲ್ಲಿ ಅಷ್ಟೇ ನೀರಿನ ಸ್ಟೀಲ್ ಬಿಂದಿಗೆಯನ್ನು ಹೋಲಿಕೆಗೆ ಇಟ್ಟು, ಹದಿನೈದು ದಿನ ಅದೇ ಹೊತ್ತಿಗೆ ಅಳೆದು ಬರೆದಿಟ್ಟರೆ ಅದು ಸಂಶೋಧನೆಯೇ. ರಾಯಚೂರಿನ ಒಣ ಹವೆಯಲ್ಲಿ ಬರುವ ಉತ್ತರ ಮಂಗಳೂರಿನ ತೇವದ ಹವೆಯಲ್ಲಿ ಬರಲಾರದು. ಆಗ ಎರಡೂ ಊರಿನ ಮಕ್ಕಳಿಗೆ ಮುಂದಿನ ಪ್ರಶ್ನೆ ಸಿಕ್ಕಂತಾಯಿತು.

ಪಾಲಕರ ಪಾಲು

ಹಾಗಾದರೆ ಪಾಲಕರು ಕೈಕಟ್ಟಿ ಕೂರಬೇಕೆ? ಬೇಕಿಲ್ಲ. ಸಾರಾಳ ತಂದೆ ಮಗಳ ಲೆಕ್ಕವನ್ನು ತಾವು ಮಾಡಿಕೊಡಲಿಲ್ಲ. ಕರಿಹಲಗೆ ಇಟ್ಟು ಒಗಟು ಬರೆದರು. ಬೆಂಕಿ, ಆಮ್ಲ, ವಿದ್ಯುತ್ತಿನ ಕೆಲಸವಿದ್ದಾಗ ಪಕ್ಕದಲ್ಲಿ ನಿಲ್ಲುವುದು, ಅಡುಗೆಮನೆಯ ಒಂದು ಮೂಲೆಯನ್ನು ಹದಿನೈದು ದಿನ ಬಿಟ್ಟುಕೊಡುವುದು, ‘ನಿನಗೆ ಹೇಗೆ ಗೊತ್ತಾಯಿತು?’ ಎಂದು ದಿನಕ್ಕೊಮ್ಮೆ ಕೇಳುವುದು ಇವು ಹಿರಿಯರು ಮಾಡಬಹುದಾದ ಉಪಕಾರ. ಅಂದುಕೊಂಡ ಉತ್ತರ ಬರಲಿಲ್ಲವೆಂದು ಅಂಕಿಗಳನ್ನು ತಿದ್ದಲು ಮಗು ಹೊರಟರೆ ಮೆಲ್ಲಗೆ ತಡೆಯುವುದು ಅದಕ್ಕಿಂತ ದೊಡ್ಡ ಉಪಕಾರ.

ಮೇಳಕ್ಕೆ ಹೋದವರೆಲ್ಲ ಬಹುಮಾನ ತರುವುದಿಲ್ಲ. ಆದರೆ ತೀರ್ಪುಗಾರರ ಮುಂದೆ ನಿಂತು, ‘ಇಷ್ಟು ನಾನು ಅಳೆದೆ, ಇಷ್ಟು ನನಗೆ ತಿಳಿಯಿತು, ಇದು ಇನ್ನೂ ತಿಳಿದಿಲ್ಲ’ ಎಂದು ಅಂಜದೆ ಹೇಳಲು ಕಲಿತ ಮಗು ಬರಿಗೈಲಿ ಮರಳಿತೆಂದು ಹೇಳಲಾಗದು. ಈ ಬಾರಿ ಶಾಲೆಯಿಂದ ವಿಜ್ಞಾನ ಪ್ರದರ್ಶನದ ಸೂಚನೆ ಬಂದಾಗ ಥರ್ಮಾಕೋಲು ತರಲು ಅಂಗಡಿಗೆ ಓಡುವ ಮೊದಲು, ಮಗುವಿಗೆ ಒಂದು ನೋಟ್ ಪುಸ್ತಕ ಕೊಟ್ಟು ನೋಡಬಹುದು.