ಬಿಡದ ನೋವು, ಬಿಡಲಾಗದ ಕೆಲಸ



ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಹಿರಿಯರೊಬ್ಬರು ಪತ್ರಿಕೆಯನ್ನು ನಿಂತೇ ಓದುತ್ತಾರೆ. ಕುಳಿತುಕೊಳ್ಳಿರೆಂದರೆ, "ಕೂತರೆ ಏಳೋದು ಕಷ್ಟಪ್ಪಾ" ಎನ್ನುತ್ತಾರೆ. ಉಸ್ಮಾನ್‌ಗಂಜಿನಲ್ಲಿ ಹಮಾಲಿ ಮಾಡುವ ಅವರಿಗೆ ಸೊಂಟನೋವು ಹಿಡಿದು ಎರಡು ವರ್ಷವಾಯಿತು. ಎಕ್ಸ್‌ರೇ ತೆಗೆಸಿದ್ದಾಯಿತು, ಗುಳಿಗೆ ನುಂಗಿದ್ದಾಯಿತು. "ಮೂಳೆ ಸರಿಯಾಗಿದೆ" ಎಂದರು. ನೋವು ಮಾತ್ರ ಹೋಗಲಿಲ್ಲ. ಜೊತೆಯವರು ಕೆಲಸಗಳ್ಳನೆಂದು ಆಡಿಕೊಂಡದ್ದು ಅವರಿಗೆ ಸೊಂಟನೋವಿಗಿಂತ ಹೆಚ್ಚಿನ ನೋವಾಯಿತು.

ಮೂರು ತಿಂಗಳು ಮೀರಿ ಉಳಿಯುವ ಇಲ್ಲವೆ ಮತ್ತೆ ಮತ್ತೆ ಬರುವ ನೋವನ್ನು ದೀರ್ಘಕಾಲದ ನೋವೆಂದು ವೈದ್ಯಶಾಸ್ತ್ರ ಕರೆಯುತ್ತದೆ. ಹೊಸ ಪೆಟ್ಟಿನ ನೋವು ಕಾವಲು ನಾಯಿಯಂತೆ. ಕಳ್ಳ ಬಂದನೆಂದು ಬೊಗಳಿ ಎಚ್ಚರಿಸುತ್ತದೆ. ದೀರ್ಘಕಾಲದ ನೋವಿನಲ್ಲಿ ಅನೇಕ ವೇಳೆ ಕಳ್ಳ ಓಡಿಹೋದ ಮೇಲೂ ನಾಯಿ ಬೊಗಳುತ್ತಲೇ ಇರುತ್ತದೆ. ನರಮಂಡಲ ಅಷ್ಟು ಸೂಕ್ಷ್ಮವಾಗಿಬಿಟ್ಟಿರುತ್ತದೆ. ಆದುದರಿಂದ ಎಕ್ಸ್‌ರೇಯಲ್ಲಿ ಕಾಣದ ನೋವು ಸುಳ್ಳು ನೋವಲ್ಲ.

ಇಂಥವರಿಗೆ ಔಷಧಿಯ ಜೊತೆಗೆ ನೆರವಾಗುವ ಒಂದು ವಿದ್ಯೆಯಿದೆ. ಅದರ ಹೆಸರು ಆಕ್ಯುಪೇಷನಲ್ ಥೆರಪಿ, ಅಂದರೆ ಔದ್ಯೋಗಿಕ ಚಿಕಿತ್ಸೆ. ಅಮೆರಿಕದಲ್ಲಿ ಹುಟ್ಟಿ ನಮ್ಮ ದೇಶಕ್ಕೆ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆಯನ್ನು ತೆರೆದರು. 1952ರಲ್ಲಿ ಇದರ ಅಖಿಲ ಭಾರತ ಸಂಘವೂ ಹುಟ್ಟಿತು. "ನೋವು ಎಷ್ಟಿದೆ?" ಎಂದು ಕೇಳಿ ಈ ಚಿಕಿತ್ಸಕರು ಸುಮ್ಮನಾಗುವುದಿಲ್ಲ. "ನೋವಿನಿಂದ ಯಾವ ಕೆಲಸ ನಿಂತಿದೆ? ಅದನ್ನು ಹೇಗೆ ಮಾಡುತ್ತೀರಿ, ತೋರಿಸಿ" ಎನ್ನುತ್ತಾರೆ.

ಅವರು ಕಲಿಸುವ ಮುಖ್ಯ ಪಾಠ ಕೆಲಸವನ್ನು ಅಳೆದು ಮಾಡುವುದು. ನಮ್ಮಲ್ಲಿ ಹೆಚ್ಚಿನವರು ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸಹೋಗುತ್ತೇವೆ. ಮರುದಿನದಿಂದ ಎರಡು ದಿನ ಹಾಸಿಗೆ ಹಿಡಿಯುತ್ತೇವೆ. ಹೀಗೆಯೇ ನಡೆದರೆ ಮೈಯ ಶಕ್ತಿಯೂ ಕುಂದುತ್ತದೆ, ಕೂಲಿಯೂ ಹೋಗುತ್ತದೆ. ಅದಕ್ಕೆ ಬದಲಾಗಿ ಮೂರು ದಿನ ಗಡಿಯಾರ ನೋಡಿ, ನೋವು ಏರುವ ಮೊದಲು ಎಷ್ಟು ನಿಮಿಷ ಕೆಲಸ ಸಾಗಿತೆಂದು ಬರೆದಿಡಿ. 20, 30, 25 ನಿಮಿಷ ಎಂದಿಟ್ಟುಕೊಳ್ಳಿ. ಸರಾಸರಿ 25. ಅದರಲ್ಲಿ ಐದನೆಯ ಒಂದು ಪಾಲು ಕಳೆದರೆ 20. ಇನ್ನು ಮುಂದೆ 20 ನಿಮಿಷವಾಗುತ್ತಲೇ ನಿಲ್ಲಿಸಿ, ಸ್ವಲ್ಪ ದಣಿವಾರಿಸಿಕೊಳ್ಳಿ ಇಲ್ಲವೆ ಬೇರೆ ಬಗೆಯ ಕೆಲಸ ಮಾಡಿ, ಮತ್ತೆ ಆರಂಭಿಸಿ. ಒಳ್ಳೆಯ ದಿನವೂ ಇದೇ ಲೆಕ್ಕ. ವಾರ ವಾರಕ್ಕೆ ಒಂದೆರಡು ನಿಮಿಷ ಏರಿಸುತ್ತ ಹೋಗಿ. ನಿಲ್ಲಿಸುವ ಹೊತ್ತನ್ನು ಗಡಿಯಾರ ಹೇಳಬೇಕು, ನೋವಲ್ಲ.

ಎರಡನೆಯದು ಕೆಲಸದ ರೀತಿ. ಗುಮಾಸ್ತರು ಮೊಣಕೈಗೆ ಆಧಾರವಿಟ್ಟು, ಕಂಪ್ಯೂಟರಿನ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಹೊರೆ ಎತ್ತುವವರು ಅದನ್ನು ಮೈಗೆ ಹತ್ತಿರ ಹಿಡಿಯಬೇಕು. ತಿರುಗುವಾಗ ಸೊಂಟ ತಿರುಚದೆ ಕಾಲನ್ನೇ ತಿರುಗಿಸಬೇಕು. ಕೈಗಾಡಿ ಇದ್ದಲ್ಲಿ ಹೆಗಲು ಬೇಡ.

ಆದರೆ ತಪ್ಪೆಲ್ಲ ಕೂಲಿಕಾರನ ರೂಢಿಯದೇ ಎನ್ನಲಾಗದು. ಗಂಡಾಳೊಬ್ಬನು ಹೊರುವ ಭಾರ 55 ಕಿಲೋ ಮೀರಿದ್ದರೆ ಅದನ್ನು ಬೇಗನೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿದೆ. ಆ ವರ್ಷದ ಭಾರ ಹೊರುವ ಒಡಂಬಡಿಕೆಗೆ ಭಾರತ ಒಪ್ಪಿಗೆ ಕೊಟ್ಟದ್ದು 2010ರಲ್ಲಿ. ಹೊರೆಯನ್ನು ಇಬ್ಬರಾಗಿ ಹಿಡಿಯೋಣವೆಂದು ಕೇಳುವುದು ನಾಚಿಕೆಯ ಮಾತಲ್ಲ.

ಎಚ್ಚರಿಕೆಯ ಮಾತೂ ಉಂಟು. ಕಾಲು ಬಲ ಕಳೆದುಕೊಂಡರೆ, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಾದರೆ, ಮಲಮೂತ್ರ ಹಿಡಿತ ತಪ್ಪಿದರೆ, ಅಥವಾ ನೋವಿನೊಡನೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಔಷಧದಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆಯನ್ನು ದಿನವೂ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಇ.ಎಸ್.ಐ. ಚೀಟಿಯುಳ್ಳವರು ತಮ್ಮ ಡಿಸ್ಪೆನ್ಸರಿಯ ಡಾಕ್ಟರಿಂದ ಬರೆಯಿಸಿಕೊಂಡು ಸನತ್‌ನಗರದ ಇ.ಎಸ್.ಐ. ಆಸ್ಪತ್ರೆಗೆ ಹೋಗಬಹುದು. ಉಳಿದವರು ಉಸ್ಮಾನಿಯಾ, ಗಾಂಧಿ ಆಸ್ಪತ್ರೆಗಳಲ್ಲಿ, ಹಿಂದೆ ನಿಜಾಮರ ಮೂಳೆ ಆಸ್ಪತ್ರೆಯಾಗಿದ್ದ ಪಂಜಾಗುಟ್ಟದ ನಿಮ್ಸ್‌ನಲ್ಲಿ ವಿಚಾರಿಸಬಹುದು. ಹೋದಲ್ಲಿ ಔದ್ಯೋಗಿಕ ಚಿಕಿತ್ಸೆಯ ಸಲಹೆ ಎಲ್ಲಿ ಸಿಗುವುದೆಂದು ಬಾಯಿಬಿಟ್ಟು ಕೇಳಿರಿ.

ಆ ಹಿರಿಯರ ನೋವು ಪೂರ್ತಿ ಹೋಗಿಲ್ಲ. ಆದರೆ ಈಗ ಅವರು ಹತ್ತು ನಿಮಿಷ ಕುಳಿತು, ಹತ್ತು ನಿಮಿಷ ನಿಂತು, ಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದುತ್ತಾರೆ. ಅವರಿಗಾಗಿ ಕಿಟಕಿಯ ಬಳಿ ಎದೆಮಟ್ಟದ ಹಲಗೆಯೊಂದನ್ನು ಹಾಕಿಸಿದ್ದೇವೆ. ಬೇಕಾದವರೆಲ್ಲರೂ ಅದನ್ನು ಉಪಯೋಗಿಸಬಹುದು.