ಹಳೆಯ ಮನೆಗೆ ಹೊಂದದ ಚದರದ ಲೆಕ್ಕ

ಬೆಂಗಳೂರು-ಮೈಸೂರು ಕಡೆ ಮನೆ ಕಟ್ಟಿಸಹೊರಟವರ ಬಾಯಲ್ಲಿ ಮೊದಲು ಬರುವ ಮಾತು ‘ಚದರಕ್ಕೆ ಎಷ್ಟಾಗುತ್ತೆ?’ ಎಂಬುದು. ನೂರು ಚದರಡಿಗೆ ಒಂದು ಚದರ. ಹನ್ನೆರಡು ಚದರದ ಮನೆ ಎಂದರೆ 1,200 ಚದರಡಿ. ಹೊಸ ಮನೆಯ ಮಟ್ಟಿಗೆ ಈ ಲೆಕ್ಕ ಅಷ್ಟೇನೂ ಕೆಟ್ಟದ್ದಲ್ಲ. ಪಾಯ, ಗೋಡೆ, ಮೌಲ್ಡು, ಗಾರೆ ಯಾವುದಕ್ಕೆ ಎಷ್ಟು ಹೋಗುತ್ತದೆಂಬುದು ಹತ್ತಾರು ಮನೆ ಕಟ್ಟಿದ ಕಂಟ್ರ್ಯಾಕ್ಟರಿಗೆ ಬಾಯಿಪಾಠ. ಆದರೆ ನಲವತ್ತು ವರ್ಷದ ಮನೆಯನ್ನು ಪೂರ್ತಿ ನವೀಕರಿಸುವಾಗಲೂ ಜನ ಇದೇ ಪ್ರಶ್ನೆ ಕೇಳುತ್ತಾರೆ. ಮೂವರು ಬರುತ್ತಾರೆ, ಅರ್ಧ ಗಂಟೆ ಮನೆ ಸುತ್ತುತ್ತಾರೆ, ಮೂರು ಮೊತ್ತ ಹೇಳಿ ಹೋಗುತ್ತಾರೆ. ಒಬ್ಬ ವೈರಿಂಗ್ ಪೂರ್ತಿ ಕಿತ್ತು ಹೊಸದು ಎಳೆಯುವ ಲೆಕ್ಕ ಹಾಕಿರುತ್ತಾನೆ, ಇನ್ನೊಬ್ಬ ಸ್ವಿಚ್ಚು ಮಾತ್ರ ಬದಲಿಸುವ ಲೆಕ್ಕ. ಮೂರನೆಯವನು ಬಚ್ಚಲಿನ ವಾಟರ್‌ಪ್ರೂಫಿಂಗ್ ಹಿಡಿದೇ ಇರುವುದಿಲ್ಲ. ಬೇರೆ ಬೇರೆ ಕೆಲಸಗಳ ಬೆಲೆಯನ್ನು ಪಕ್ಕಪಕ್ಕ ಇಟ್ಟು ಕಡಿಮೆಯದನ್ನು ಆರಿಸುವುದರಲ್ಲಿ ಅರ್ಥವಿಲ್ಲ. ಯಾರಿಗೆ ಕೆಲಸ ಕೊಡಬೇಕು ಎಂಬುದಕ್ಕಿಂತ ಮೊದಲು, ಏನು ಕೆಲಸವಿದೆ ಎಂದು ಬರೆದುಕೊಡುವವರನ್ನು ಹಿಡಿಯಬೇಕು. ಅವರು ಆ ಕೆಲಸ ಮಾಡುವವರೇ ಆಗಿರಬಾರದು.

ಹಳೆಯ ಮನೆಯ ನಿಜವಾದ ಖರ್ಚು ಗಾರೆಯ ಹಿಂದೆ ಅಡಗಿರುತ್ತದೆ. ಸಜ್ಜಾದ ಅಡಿಯಲ್ಲಿ ಕಾಣುವ ಸಣ್ಣ ಬಿರುಕನ್ನು ಪೇಂಟರು ಪುಟ್ಟಿ ಹಚ್ಚಿ ಮುಚ್ಚುತ್ತಾನೆ. ಒಳಗಿನ ಕಂಬಿ ತುಕ್ಕು ಹಿಡಿದಿದ್ದರೆ, ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಕಾಂಕ್ರೀಟು ಒಳಗಿನಿಂದಲೇ ಸೀಳುತ್ತ ಬರುತ್ತದೆ, ಪುಟ್ಟಿ ಬಹಳ ದಿನ ನಿಲ್ಲುವುದಿಲ್ಲ. ಹಾಲ್ ದೊಡ್ಡದಾಗಲೆಂದು ಅಡುಗೆಮನೆಯ ಗೋಡೆ ತೆಗೆಸುವುದು ಈಗಿನ ಸಾಮಾನ್ಯ ಬೇಡಿಕೆ. ಹಳೆಯ ಮನೆಗಳಲ್ಲಿ ಕಂಬಗಳಿಲ್ಲದೆ ಗೋಡೆಗಳೇ ಮೌಲ್ಡಿನ ಭಾರ ಹೊತ್ತಿರುವುದು ಹೆಚ್ಚು. ಅಲ್ಲಿ ಒಂಬತ್ತಿಂಚಿನ ಗೋಡೆ ಒಡೆಯುವ ಮುನ್ನ ಮೇಲೆ ಯಾವ ತೊಲೆ ಕೂರಬೇಕೆಂದು ಲೆಕ್ಕ ಹಾಕದೆ ಗತಿಯಿಲ್ಲ. ಕರಾವಳಿಯ ಮುರಕಲ್ಲಿನ ಮನೆಗಳ ಕಥೆ ಇನ್ನೊಂದು. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ಹೊರಬಿಡುತ್ತ ಬಾಳಿರುತ್ತದೆ. ಗಟ್ಟಿಯಾಗಲೆಂದು ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗಾರೆ ಹಪ್ಪಳದಂತೆ ಏಳುತ್ತದೆ. ಸಿಮೆಂಟು ಕೆಲಸವೊಂದೇ ಬಲ್ಲ ಮೇಸ್ತ್ರಿ ಸಿಮೆಂಟನ್ನೇ ಹೇಳುತ್ತಾನೆ. ಅದು ಮೋಸವಲ್ಲ, ಅವನ ಅಭ್ಯಾಸ.

ಆದ್ದರಿಂದ ಮೊದಲ ಹಣ ಸ್ಟ್ರಕ್ಚರಲ್ ಎಂಜಿನಿಯರಿಗೆ ಹೋಗಲಿ. ಅವರು ರೀಬೌಂಡ್ ಹ್ಯಾಮರಿನಿಂದ ಕಾಂಕ್ರೀಟಿನ ಮೇಲ್ಮೈಯ ಗಡಸುತನ ನೋಡುತ್ತಾರೆ, ಅನುಮಾನವಿದ್ದ ಕಡೆ ಅಂಗೈ ಅಗಲ ಗಾರೆ ಬಿಡಿಸಿ ಕಂಬಿ ಪರೀಕ್ಷಿಸುತ್ತಾರೆ, ಯಾವ ಗೋಡೆ ಮುಟ್ಟಬಾರದೆಂದು ಗುರುತು ಹಾಕುತ್ತಾರೆ. ಕೋಣೆಗಳನ್ನು ಅದಲುಬದಲು ಮಾಡುವುದಿದ್ದರೆ ಆರ್ಕಿಟೆಕ್ಟ್ ಕೂಡ ಬೇಕು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು. ಆದರೆ ಕಾಯ್ದೆ ಕಾಯುವುದು ಹೆಸರನ್ನು. ನಕ್ಷೆ ಬರೆಯುವ ಕೆಲಸವನ್ನು ಇತರರು ಮಾಡದಂತೆ ಅದು ತಡೆಯುವುದಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಾಗಿ ‘ಡಿಸೈನರ್’ ಎಂಬ ಬೋರ್ಡಿನ ಹಿಂದೆ ಯಾರು ಬೇಕಾದರೂ ಇರಬಹುದು, ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. ಇನ್ನೊಂದು ಎಚ್ಚರ: ಆರ್ಕಿಟೆಕ್ಟರ ಶುಲ್ಕ ಸಾಮಾನ್ಯವಾಗಿ ಒಟ್ಟು ಖರ್ಚಿನ ಶೇಕಡಾ ಇಷ್ಟು ಎಂದಿರುತ್ತದೆ. ಕೆಲಸ ಹಿಗ್ಗಿದಷ್ಟೂ ಸಲಹೆಗಾರರ ಆದಾಯವೂ ಹಿಗ್ಗಿದರೆ ಸಲಹೆಯ ಮೇಲೆ ನೆರಳು ಬಿದ್ದಂತೆ. ನವೀಕರಣಕ್ಕೆ ನಿಗದಿತ ಮೊತ್ತದ ಶುಲ್ಕವೇ ಮೇಲು.

ಈ ತಪಾಸಣೆಯಿಂದ ಕೈಗೆ ಬರುವುದು ಒಂದು ಪಟ್ಟಿ: ಇಷ್ಟು ಚದರಡಿ ಗಾರೆ ಕೀಳುವುದು, ಇಷ್ಟು ಹೊಸದಾಗಿ ಬಳಿಯುವುದು, ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಹೀಗೆ. ಮೂವರಿಗೂ ಇದೇ ಹಾಳೆ ಕೊಟ್ಟು ಪ್ರತಿ ಸಾಲಿಗೆ ದರ ಬರೆಸಿದಾಗಲೇ ಹೋಲಿಕೆ ಸಾಧ್ಯ. ಅಳತೆಯ ವಿಧಾನವೂ ಅದರಲ್ಲಿರಲಿ. ಜಗಳಗಳು ಹುಟ್ಟುವುದೇ ಅಲ್ಲಿ. ನಾಲ್ಕಡಿ-ನಾಲ್ಕಡಿಯ ಕಿಟಕಿ ಹದಿನಾರು ಚದರಡಿ, ಎಂದರೆ ಸುಮಾರು 1.5 ಚದರ ಮೀಟರು. ಭಾರತೀಯ ಮಾನಕ ಐಎಸ್ 1200ರ ಪ್ರಕಾರ 0.5ರಿಂದ 3 ಚದರ ಮೀಟರಿನ ಕಿಂಡಿಗೆ, ಗೋಡೆಯ ಎರಡೂ ಬದಿಗೆ ಒಂದೇ ಬಗೆಯ ಗಾರೆಯಿದ್ದರೆ, ಒಂದು ಬದಿಯಲ್ಲಷ್ಟೇ ಕಳೆಯಬೇಕು. ಕಿಟಕಿಯ ಒಳಅಂಚುಗಳ ಗಾರೆಗೆ ಬೇರೆ ದುಡ್ಡಿಲ್ಲ. ಇದು ಬರೆದಿರದಿದ್ದರೆ ಮಾಲೀಕ ಎರಡೂ ಬದಿ ಕಳೆಯುತ್ತಾನೆ, ಮೇಸ್ತ್ರಿ ಏನೂ ಕಳೆಯದೆ ಅಂಚನ್ನೂ ಸೇರಿಸುತ್ತಾನೆ. ಇಬ್ಬರೂ ತಾವೇ ಸರಿ ಎಂದು ನಂಬಿರುತ್ತಾರೆ.

ಐಟಂ ಲೆಕ್ಕದಲ್ಲಿ ಕೊನೆಯ ಬಿಲ್ ಎಲ್ಲಿಗೆ ಮುಟ್ಟುತ್ತದೋ ಗೊತ್ತಾಗದು, ಒಟ್ಟು ಮೊತ್ತಕ್ಕೆ ಮಾತಾಡಿದರೆ ನಿಶ್ಚಿಂತೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಸಾಲ ಮಾಡಿ ಕೆಲಸ ಮಾಡಿಸುವವರಿಗೆ ಮೇಲ್ಮಿತಿ ಬೇಕೇ ಬೇಕು. ಆದರೆ ಆ ನಿಶ್ಚಿತತೆ ಎಷ್ಟು ಗಟ್ಟಿ? ಒಪ್ಪಂದದಲ್ಲಿ ಟೈಲ್ಸಿಗೆ ಚದರಡಿಗೆ 60 ರೂಪಾಯಿ ಎಂದಿದ್ದು, ಅಂಗಡಿಯಲ್ಲಿ ಮನೆಯವರಿಗೆ ಹಿಡಿಸಿದ್ದು 95ರದ್ದಾದರೆ, 1,200 ಚದರಡಿಗೆ 42,000 ರೂಪಾಯಿ ಹೆಚ್ಚುವರಿ. ನಲ್ಲಿ, ಬಾಗಿಲು, ಸ್ವಿಚ್ಚು ಎಲ್ಲದರಲ್ಲೂ ಇದೇ ಬಾಗಿಲು ತೆರೆದಿರುತ್ತದೆ. ಗೋಡೆ ಒಡೆದಾಗ ಹೊರಬೀಳುವ ತುಕ್ಕು ಹಿಡಿದ ಜಿಐ ಪೈಪು ಯಾರ ಖರ್ಚು ಎಂಬುದಕ್ಕೆ ಒಟ್ಟು ಮೊತ್ತ ಉತ್ತರ ಹೇಳುವುದಿಲ್ಲ. ಐಟಂ ಪಟ್ಟಿಯಲ್ಲಿ ಕನಿಷ್ಠ ಅಡಿಗೆ ಎಷ್ಟೆಂಬುದು ಮೊದಲೇ ನಿಂತಿರುತ್ತದೆ.

‘ನಮ್ಮ ಮೇಸ್ತ್ರಿ ಇಪ್ಪತ್ತು ವರ್ಷದಿಂದ ಗೊತ್ತು’ ಎನ್ನುವವರೂ ಇದ್ದಾರೆ. ಬಣ್ಣ, ನೆಲ, ಒಂದು ಬಚ್ಚಲು ಇಷ್ಟೇ ಇದ್ದರೆ ಆ ಮೇಸ್ತ್ರಿಯೇ ಸಾಕು. ಸಾಮಾನು ನಾವು ತಂದು ಲೇಬರ್ ಕಂಟ್ರ್ಯಾಕ್ಟ್ ಕೊಟ್ಟರೆ ಅಗ್ಗವೂ ಹೌದು. ಗೋಡೆ, ಮೌಲ್ಡು, ವೈರಿಂಗ್, ಕೊಳಾಯಿ ಎಲ್ಲ ಒಟ್ಟಿಗೆ ಬಂದಾಗ ಯಾರ ನಂತರ ಯಾರು ಎಂದು ಹೊಂದಿಸುವುದೇ ಮುಖ್ಯ ಕೆಲಸ. ಎಲೆಕ್ಟ್ರಿಷಿಯನ್ ಪೈಪು ಕೂರಿಸುವ ಮುನ್ನವೇ ಗಾರೆ ಮುಗಿದರೆ ಹೊಸ ಗೋಡೆಯನ್ನೇ ಕೊರೆಯಬೇಕು. ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆನ್ನುವ ಕಂಪನಿಗಳು ದೂರದೂರಿನಲ್ಲಿರುವ ಮಾಲೀಕರಿಗೆ ಅನುಕೂಲವೇ, ಆದರೆ ಅಳೆಯುವವರೂ ಬಿಲ್ ಮಾಡುವವರೂ ಅಲ್ಲಿ ಒಂದೇ. ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಇದೆಯಲ್ಲ ಎಂಬ ಧೈರ್ಯವೂ ಇಲ್ಲಿ ನಡೆಯದು: ಮಾರಾಟವಿಲ್ಲದ ನವೀಕರಣ, ರಿಪೇರಿಯನ್ನು 2016ರ ಆ ಕಾಯ್ದೆ ನೋಂದಣಿಯಿಂದ ಹೊರಗಿಟ್ಟಿದೆ. ಉಳಿಯುವುದು ಗ್ರಾಹಕ ಆಯೋಗ. ಮನೆ ಕಟ್ಟಿಕೊಡುವುದೂ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ದೂರು ಕೊಡಲು ಎರಡು ವರ್ಷದ ಗಡುವು. ಅಲ್ಲಿಯೂ ಬೆಲೆ ಬರುವುದು ಬರೆದ ಪಟ್ಟಿಗೆ, ಸಹಿ ಬಿದ್ದ ಅಳತೆಗೆ.

ಕೈತುಂಬ ಕೆಲಸವಿರುವ ಒಳ್ಳೆಯ ಕಂಟ್ರ್ಯಾಕ್ಟರು ಇಷ್ಟೆಲ್ಲ ಷರತ್ತಿಗೆ ಒಪ್ಪುತ್ತಾನೆಯೇ ಎಂಬುದು ಕೊನೆಯ ಆಕ್ಷೇಪ, ಎಲ್ಲಕ್ಕಿಂತ ತೂಕದ್ದು. ಒಪ್ಪದವರು ಇರುತ್ತಾರೆ. ಹಾಗಿದ್ದರೆ ಕೊಡುವ ಕಡೆ ಸಡಿಲಬಿಡಬಹುದು: ದರದಲ್ಲಿ ಸ್ವಲ್ಪ ಹೆಚ್ಚು, ಅಳತೆಯಾದ ವಾರದೊಳಗೆ ಹಣ, ನಡುವೆ ಮನಸ್ಸು ಬದಲಿಸಿದರೆ ಅದರ ಖರ್ಚು ಮಾಲೀಕರದೇ. ಬಿಡಬಾರದ್ದು ಎರಡು. ಬಚ್ಚಲಿಗೆ ಟೈಲ್ಸ್ ಕೂರಿಸುವ ಮುನ್ನ 48 ಗಂಟೆ ನೀರು ಕಟ್ಟಿ ನಿಲ್ಲಿಸಿ ಕೆಳಗಿನ ಸೀಲಿಂಗ್ ನೋಡುವುದು ಒಂದು. ಇನ್ನೊಂದು, ಬಿಲ್ಲಿನ ಶೇಕಡಾ ಐದನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವುದು. ತಾರಸಿ ಸೋರುತ್ತದೆಯೋ ಇಲ್ಲವೋ ಮಾರ್ಚಿನಲ್ಲಿ ಯಾರಿಗೂ ತಿಳಿಯದು.